ಹೆಬ್ಬೆರಳನ್ನು ಕೇಳಿ ಕೊಂಡ ಸಾಮಾನು

ಕಳೆದ ದೀಪಾವಳಿಯಿಂದ ಎಳ್ಳ ಅಮವಾಸ್ಯೆಯ ವರೆಗೆ, ಅಂದರೆ ಸರಿಯಾಗಿ ಎರಡು ತಿಂಗಳು, ನಮ್ಮ ಮನೆಯಲ್ಲಿ ಒಂದೇ ಒಂದು ಸಾಮಾನಿನ ಮಾತು ನಡೆದಿತ್ತು. ಅದು ಬಂಗಾರದ ಒಡವೆಯಲ್ಲ. ಹೊಲಮನೆಗಳ ವ್ಯವಹಾರವೂ ಅಲ್ಲ. ಸೈಕಲ್ಲಿನ ಹ್ಯಾಂಡಲಿಗೆ ಬಿಗಿಯುವ, ಹೆಬ್ಬೆರಳಿನಷ್ಟು ಉದ್ದವಾದ ಒಂದು ಲೀವರು. ಇಂತಹ ಸಣ್ಣ ವಸ್ತುವಿನ ವಿಷಯವಾಗಿ ಬರೆದು ಗೃಹಸ್ಥರಾದ ವಾಚಕರ ಹೊತ್ತನ್ನು ಕಳೆಯುವದು ಸರಿಯೇ ಎಂದು ನಾವು ಮೊದಲು ಅನುಮಾನಿಸಿದೆವು. ಆದರೆ ಮಕ್ಕಳಿಗೆ ಸೈಕಲ್ಲು ಕೊಡಿಸದ ಮನೆಗಳು ಈಗ ವಿರಳ. ಅಲ್ಲದೆ, ಆ ಲೀವರನ್ನು ಆರಿಸುವಾಗ ನಾವು ಮಾಡಿದ ತಪ್ಪು ಸೈಕಲ್ಲಿಗಷ್ಟೇ ಸಂಬಂಧಪಟ್ಟದ್ದಾಗಿರಲಿಲ್ಲ. ಆದಕಾರಣ ನಡೆದದ್ದನ್ನು ನಡೆದಂತೆ ಇಲ್ಲಿ ಹೇಳುವೆವು.

ನಾವು ವಿಜಯಪುರದಲ್ಲಿ ಮಾಸ್ತರಿಕೆ ಮಾಡಿಕೊಂಡಿರುವವರು. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನವನ್ನು ಕಲಿಸುವದು ನಮ್ಮ ಉದ್ಯೋಗ. ಅಣ್ಣನವರು ತಿಕೋಟಾದಲ್ಲಿ ದ್ರಾಕ್ಷಿಯ ತೋಟವನ್ನು ನೋಡಿಕೊಂಡಿರುವರು. ಅವರ ಮಗಳು 17 ವರ್ಷದವಳು. ಕಾಲೇಜಿನ ಸಲುವಾಗಿ ನಮ್ಮ ಮನೆಯಲ್ಲಿಯೇ ಇರುವಳು. ವಿಜಯಪುರವು ಹೊರಗಿನವರಿಗೆ ಗೋಳಗುಮ್ಮಟದಿಂದ ಪರಿಚಿತವಾದರೂ, ಈ ಸೀಮೆಯವರಾದ ನಮಗೆ ಇದು ಸೈಕಲ್ ಸವಾರರ ಊರೂ ಹೌದು. ನಸುಕಿನಲ್ಲಿ ಎದ್ದು ಅಥಣಿಯ ದಾರಿಯನ್ನು ಹಿಡಿದರೆ, ಬೆನ್ನು ಬಾಗಿಸಿ ಸಾಲಾಗಿ ಹೋಗುವ ಹುಡುಗ ಹುಡುಗಿಯರು ಕಾಣುವರು. ಹಳ್ಳಿಗಳ ಜಾತ್ರೆಗಳಲ್ಲಿ ಸೈಕಲ್ ಪಂದ್ಯವೆಂದರೆ ಎತ್ತಿನ ಬಂಡಿಯ ಪಂದ್ಯದಷ್ಟೇ ಜನ ಸೇರುವದುಂಟು. ಆದರೆ ನಮ್ಮ ಹುಡುಗಿಯ ಮನಸ್ಸು ಡಾಂಬರು ದಾರಿಗೆ ಒಗ್ಗಲಿಲ್ಲ. ಅವಳಿಗೆ ಬೇಕಾದದ್ದು ಕಲ್ಲುಮಡ್ಡಿ, ಹಳ್ಳದ ದಂಡೆ, ಕಾಲುದಾರಿ. ಹೋದ ವರ್ಷ ಒಣದ್ರಾಕ್ಷಿಗೆ ಒಳ್ಳೆಯ ಬೆಲೆ ಬಂದಾಗ ಅಣ್ಣನವರು ಅವಳಿಗೆ ಒಂದು ಮೌಂಟನ್ ಬೈಕನ್ನು, ಹೊಸದಲ್ಲ, ಪುಣೆಯಲ್ಲೊಬ್ಬರು ಬಳಸಿ ಮಾರಿದ್ದನ್ನು, ಕೊಡಿಸಿದರು. ಆ ಸೈಕಲ್ಲಿಗೆ ‘ಡ್ರಾಪರ್ ಸೀಟ್‌ಪೋಸ್ಟ್’ ಎಂಬುದೊಂದು ಇತ್ತು.

ಈ ಹೆಸರನ್ನು ಕೇಳದ ವಾಚಕರ ಸಲುವಾಗಿ ಎರಡು ಮಾತು. ಸಾಧಾರಣ ಸೈಕಲ್ಲಿನಲ್ಲಿ ಸೀಟಿನ ಕೆಳಗಿನ ಕಂಬವನ್ನು ಒಮ್ಮೆ ಒಂದು ಎತ್ತರಕ್ಕೆ ಬಿಗಿದರೆ ಅದು ಅಲ್ಲಿಯೇ ಇರುವದು. ಪೆಡಲು ತುಳಿಯುವುದಕ್ಕೆ ಸೀಟು ಎತ್ತರವಾಗಿರಬೇಕು. ಕಾಲು ಬಹುಮಟ್ಟಿಗೆ ನೀಳವಾದಾಗಲೇ ತುಳಿತಕ್ಕೆ ಬಲ ಬರುವದು. ಆದರೆ ಕಲ್ಲಿನ ಇಳಿಜಾರಿನಲ್ಲಿ ಅದೇ ಎತ್ತರವೇ ಅಪಾಯ. ಸೀಟು ಸವಾರನನ್ನು ಮುಂದಕ್ಕೆ ನೂಕುವದು; ಮುಂದಿನ ಗಾಲಿ ಕಲ್ಲಿಗೆ ತಡೆದರೆ ಅವನು ಹ್ಯಾಂಡಲಿನ ಮೇಲಿಂದ ಹೋಗಿ ಬೀಳುವನು. ಸೀಟನ್ನು ಇಳಿಸಿದರೆ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಒಯ್ಯಲು ಜಾಗ ಸಿಕ್ಕು, ಮೈಯ ಭಾರವು ಗಾಲಿಗಳ ನಡುವೆ ನಿಲ್ಲುವದು. ಇದಕ್ಕಾಗಿ ಪ್ರತಿಯೊಂದು ಇಳಿಜಾರಿನಲ್ಲಿಯೂ ಸೈಕಲ್ಲಿನಿಂದ ಇಳಿದು ಸೀಟನ್ನು ಸಡಲಿಸುವ ತೊಂದರೆಯನ್ನು ತಪ್ಪಿಸಲು ಅಮೇರಿಕದಲ್ಲಿ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ ಎಂಬವರು 1980ರ ದಶಕದಲ್ಲಿ ಒಂದು ಸ್ಪ್ರಿಂಗನ್ನು ಮಾಡಿದರು. ಇಂದಿನ ಡ್ರಾಪರ್ ಕಂಬದಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವದು. ಒಳಗೆ ಅದುಮಿದ ಗಾಳಿಯೋ ಸ್ಪ್ರಿಂಗೋ ಇರುವದು. ಹ್ಯಾಂಡಲಿನ ಮೇಲಿನ ಲೀವರನ್ನು ಒತ್ತಿದಾಗ ಬೀಗ ಬಿಚ್ಚುವದು. ಆಗ ಮೈಭಾರವನ್ನು ಹಾಕಿದರೆ ಸೀಟು ಇಳಿಯುವದು; ಮೈಯನ್ನು ಎತ್ತಿದರೆ ತಾನಾಗಿ ಏರುವದು; ಲೀವರನ್ನು ಬಿಟ್ಟಲ್ಲಿ ನಿಲ್ಲುವದು. ಇಷ್ಟೇ ಇದರ ಮರ್ಮ.

ದೀಪಾವಳಿಯ ಪಾಡ್ಯದ ಮರುದಿನ ಹುಡುಗಿಯು ಗೆಳತಿಯರೊಡನೆ ಬಬಲೇಶ್ವರದ ಕಡೆಗೆ ಹೋದಳು. ಸಾರವಾಡದ ಹತ್ತಿರ ಡೋಣಿಯನ್ನು ದಾಟಿ, ಬಬಲೇಶ್ವರದಲ್ಲಿ ಚಹಾ ಕುಡಿದು, ಆದಿಲ ಶಾಹಿ ಕಾಲದ ದೊಡ್ಡ ಕೆರೆಯಿರುವ ಮಮದಾಪುರದ ದಿಕ್ಕಿಗೆ ಕಲ್ಲುದಾರಿ ಹಿಡಿದರಂತೆ. ಒಂದು ಇಳಿಜಾರಿನ ನೆತ್ತಿಯಲ್ಲಿ ಸೀಟನ್ನು ಇಳಿಸಲೆಂದು ಲೀವರಿಗೆ ಕೈ ಹಾಕಿದಾಗ ಎಡಗೈ ಹ್ಯಾಂಡಲನ್ನು ಬಿಟ್ಟಿತು, ಗಾಲಿ ಕಲ್ಲಿಗೆ ಬಡಿಯಿತು, ಅವಳು ಬಿದ್ದಳು. ಗದ್ದಕ್ಕೆ ಮೂರು ಹೊಲಿಗೆ ಬಿದ್ದವು, ಮೊಣಕೈಯ ತೊಗಲು ಹೋಯಿತು. ಎಲುಬು ಮುರಿಯಲಿಲ್ಲವೆಂಬುದೇ ಸಮಾಧಾನ.

ಸುದ್ದಿಯನ್ನು ಕೇಳಿ ತಿಕೋಟಾದಿಂದ ಅಣ್ಣನವರೂ ವೈನಿಯವರೂ ಅಂದೇ ಸಂಜೆ ಬಂದರು. ವೈನಿಯವರು ಮಗಳ ಗದ್ದವನ್ನು ನೋಡಿದರು, ಅವಳ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ಆಮೇಲೆ, “ಸೈಕಲ್ ಮಾರಿಬಿಡ್ರಿ. ಎಳ್ಳ ಅಮವಾಸಿಗೆ ಚರಗ ಚೆಲ್ಲಾಕ ಬರೂದ್ರಾಗ ಅದು ಮನ್ಯಾಗ ಇರಬಾರದು” ಎಂದರು. ಅಣ್ಣನವರು ಕೂಡ, “ನಮ್ಮ ಜಿಲ್ಲಾದಾಗ ಇಷ್ಟ ಮಂದಿ ಸೈಕಲ್ ಹೊಡದು ಹೆಸರ ಮಾಡ್ಯಾರ, ಅವರ ಯಾರ ಸೀಟರ ಏರಿ ಇಳೀತಿತ್ತೇನು? ಇದೆಲ್ಲಾ ಆಟಿಗಿ ಸಾಮಾನು” ಎಂದು ಹೆಂಡತಿಯ ಮಾತಿಗೆ ಒತ್ತುಕೊಟ್ಟರು. ಹುಡುಗಿಯು ಮಾತಾಡಲಿಲ್ಲ. ಅವಳು ನಮ್ಮ ಮುಖವನ್ನು ನೋಡಿದಳು. ನಾವೂ ಮಾತಾಡಲಿಲ್ಲ.

ಅದಕ್ಕೆ ಕಾರಣವಿದೆ. ಹುಡುಗಿಯ ಎಡಗೈಯ ಹೆಬ್ಬೆರಳು ಎಲ್ಲರದರಂತಿಲ್ಲ. ಅವಳು 6 ವರ್ಷದವಳಿದ್ದಾಗ ತಿಕೋಟಾದ ಮನೆಯ ಹಿತ್ತಿಲಲ್ಲಿ ಕಣಿಕಿಯನ್ನು ಕತ್ತರಿಸುವ ಯಂತ್ರದ ಹಲ್ಲುಗಾಲಿಯೊಳಗೆ ಆ ಬೆರಳು ಸಿಕ್ಕಿತು. ಬೆರಳು ಉಳಿಯಿತು, ಆದರೆ ಅದರ ನರವು ಕೆಟ್ಟು, ಮೇಲಿನ ಗೆಣ್ಣು ಅಂದಿನಿಂದ ಬಾಗುವದಿಲ್ಲ. ಬುಡದ ಗೆಣ್ಣು ಮಾತ್ರ ಆಡುವದು. ಆ ದಿನ ಯಂತ್ರದ ದೊಡ್ಡ ಗಾಲಿಯನ್ನು ತಿರುವುತ್ತಿದ್ದವರು ನಾವು. ರಜೆಗೆಂದು ಊರಿಗೆ ಹೋಗಿದ್ದೆವು. ಯಾರೋ ಬಂದರೆಂದು ತಲೆ ಹೊರಳಿಸಿ ಮಾತಾಡುತ್ತಿದ್ದೆವು. ಈ 11 ವರ್ಷಗಳಲ್ಲಿ ಅಣ್ಣನವರಾಗಲಿ ವೈನಿಯವರಾಗಲಿ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವರು ಎತ್ತದ್ದರಿಂದಲೇ ಅದು ನಮ್ಮ ಮನಸ್ಸಿನಲ್ಲಿ ಇನ್ನೂ ಆಳಕ್ಕೆ ಇಳಿಯಿತೆಂದು ತೋರುತ್ತದೆ.

ಮರುದಿನ ಮುಂಜಾನೆ ನಾವು ಸೈಕಲ್ಲಿನ ಮುಂದೆ ಕುಳಿತು, ನಮ್ಮ ಎಡಗೈಯ ಹೆಬ್ಬೆರಳಿನ ಮೇಲಿನ ಗೆಣ್ಣನ್ನು ಬಾಗಿಸದೆ ಆ ಲೀವರನ್ನು ಒತ್ತಿ ನೋಡಿದೆವು. ಎರಡು ಸಲ ಜಾರಿತು. ಮೂರನೆಯ ಸಲ ಅಂಗೈಯನ್ನು ಹ್ಯಾಂಡಲಿನಿಂದ ಎತ್ತಿದ ಹೊರತು ಅದು ಕದಲಲಿಲ್ಲ. ಬಿದ್ದದ್ದೇಕೆಂಬುದು ಅಲ್ಲಿಯೇ ತಿಳಿಯಿತು. ಒಂದು ವರ್ಷ ಅವಳು ಹೀಗೆಯೇ ಸವಾರಿ ಮಾಡಿದ್ದಳು. ಒಮ್ಮೆಯಾದರೂ ತೊಂದರೆಯೆಂದು ಹೇಳಿರಲಿಲ್ಲ.

ಕೂಡಲೆ ನಾವು ಒಂದು ನಿರ್ಧಾರ ಮಾಡಿದೆವು. ಈಗ ತಂತಿಯೇ ಇಲ್ಲದ ಡ್ರಾಪರುಗಳು ಬಂದಿವೆ. ರಾಕ್‌ಶಾಕ್ಸ್ ಕಂಪನಿಯು 2019ರಲ್ಲಿ ಅಂತಹದನ್ನು ಪೇಟೆಗೆ ತಂದಿತು. ಹ್ಯಾಂಡಲಿನಲ್ಲಿ ಒಂದು ಗುಂಡಿಯನ್ನು ಹಗುರಾಗಿ ಮುಟ್ಟಿದರೆ ಬ್ಯಾಟರಿಯ ಬಲದಿಂದ ಬೀಗ ಬಿಚ್ಚುವದು. ಕೆಟ್ಟ ಬೆರಳಿಗೆ ಇದಕ್ಕಿಂತ ಒಳ್ಳೆಯದೇನಿದೆ? ಆದರೆ ಅದಕ್ಕೆ ಲೀವರೊಂದನ್ನೇ ಕೊಂಡರೆ ಸಾಲದು, ಕಂಬವನ್ನೂ ಬದಲಿಸಬೇಕು. ಎರಡೂ ಕೂಡಿ ಆ ಹಳೆಯ ಸೈಕಲ್ಲಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚಾಗುತ್ತಿತ್ತು. ಆಗಲಿ ಎಂದುಕೊಂಡು ನಾವು ಹುಡುಗಿಗೆ ಹೇಳಿದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡ ಕಾಕಾ” ಎಂದಳು. ಏಕೆಂದು ಕೇಳಿದೆವು. “ಮಡ್ಡಿ ಮ್ಯಾಲ ಬ್ಯಾಟರಿ ಇಳದ್ರ ಏನ್ ಮಾಡ್ಲಿ? ಕೆಟ್ರ ಇಲ್ಲಿ ಯಾರ ರಿಪೇರಿ ಮಾಡ್ತಾರ?” ಎಂದಳು. ಅದಕ್ಕೂ ಉಪಾಯವಿದೆ, ಇನ್ನೊಂದು ಬ್ಯಾಟರಿಯನ್ನು ಇಟ್ಟುಕೊಂಡರಾಯಿತು ಎಂದು ನಾವು ಹಟ ಹಿಡಿದೆವು. ಆಗ ಅವಳು ತಲೆ ತಗ್ಗಿಸಿ ಹೇಳಿದಳು: “ಕಾಕಾ, ನೀವು ಇದನ್ನ ಸೈಕಲ್ಲಿನ ಸಲುವಾಗಿ ಕೊಡಸಾಕತ್ತಿಲ್ಲ. ಕಣಿಕಿ ಯಂತ್ರದ ಸಲುವಾಗಿ ಕೊಡಸಾಕತ್ತೀರಿ.”

ನಮಗೆ ಉತ್ತರ ತೋಚಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು. ಅವಳ ಕೈಗೆ ಏನು ಬೇಕೆಂಬುದನ್ನು ಕೇಳದೆ, ನಮ್ಮ ಮನಸ್ಸಿಗೆ ಏನು ಬೇಕೋ ಅದನ್ನು ಕೊಳ್ಳಲು ನಾವು ಹೊರಟಿದ್ದೆವು. ಅವಳೂ ಒಂದು ವರ್ಷ ಬೆರಳಿನ ತೊಂದರೆಯನ್ನು ನುಂಗಿಕೊಂಡದ್ದು ನಮ್ಮ ಮನಸ್ಸು ನೋಯಬಾರದೆಂದೇ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ, ಆ ಲೀವರಿನ ಮಾತನ್ನು ಯಾರೂ ಎತ್ತದೆ, ಕೊನೆಗೆ ಗದ್ದಕ್ಕೆ ಮೂರು ಹೊಲಿಗೆ ಹಾಕಿಸಿಕೊಳ್ಳುವ ಪ್ರಸಂಗ ಬಂದಿತು. “ಹಾಗಾದರೆ ನೀನೇ ಆರಿಸು, ನಾವು ಜೊತೆಗಿರುವೆವು” ಎಂದೆವು.

ಮೊದಲು ಸೈಕಲ್ಲನ್ನು ನಮ್ಮ ಓಣಿಯ ಮಿಸ್ತ್ರಿಯ ಹತ್ತಿರ ಒಯ್ದೆವು. ಡ್ರಾಪರ್ ಕಂಬವನ್ನು ಅವನು ಹೆಚ್ಚಾಗಿ ನೋಡಿದವನಲ್ಲ. ಆದರೆ ತಂತಿಯ ಬ್ರೇಕುಗಳಲ್ಲಿ ಕೈ ಪಳಗಿದವನು. ಲೀವರನ್ನು ಒಮ್ಮೆ ಒತ್ತಿ, “ಮಾಸ್ತರ, ಲೀವರಿಗಿ ಯಾಕ ಬೈತೀರಿ? ಮೊದಲ ಕೇಬಲ್ ನೋಡ್ರಿ” ಎಂದನು. ಕಂಬವನ್ನು ಹೊರಗೆಳೆದು ತಂತಿಯನ್ನು ಬಿಚ್ಚಿದಾಗ ಅವನ ಮಾತು ಸರಿಯೆಂದು ಕಂಡಿತು. ಹ್ಯಾಂಡಲಿನಿಂದ ಚೌಕಟ್ಟಿನೊಳಗೆ ಹೋಗುವಲ್ಲಿ ತಂತಿಯ ಹೊರಕವಚವು ಬೇಕಾದದ್ದಕ್ಕಿಂತ ಗಿಡ್ಡವಾಗಿ ಮಡಿಚಿಕೊಂಡಿತ್ತು. ಒಳಗಿನ ತಂತಿಗೆ ನಮ್ಮ ಎರೆಮಣ್ಣಿನ ಧೂಳು ಹಳೆಯ ಗ್ರೀಸಿನೊಡನೆ ಸೇರಿ ಅಂಟಾಗಿ ಹತ್ತಿತ್ತು.

ನಾವು ಶಾಲೆಯ ಪ್ರಯೋಗಶಾಲೆಯಿಂದ ಸ್ಪ್ರಿಂಗ್ ತಕ್ಕಡಿಯನ್ನು ತಂದಿದ್ದೆವು. ಲೀವರಿನ ತುದಿಗೆ ದಾರ ಕಟ್ಟಿ ಎಳೆದಾಗ, ಬೀಗ ಬಿಚ್ಚುವ ಹೊತ್ತಿಗೆ ಮುಳ್ಳು 3 ಕಿಲೋಗ್ರಾಮಿನ ಗೆರೆಯನ್ನು ದಾಟಿತ್ತು. ಹೊಸ ತಂತಿಯನ್ನೂ 4 ಮಿಲಿಮೀಟರಿನ ಹೊಸ ಕವಚವನ್ನೂ ಹಾಕಿ, ತಿರುವುಗಳು ದೊಡ್ಡವಾಗಿ ಬಾಗುವಂತೆ ಅಳತೆ ಮಾಡಿ ಕತ್ತರಿಸಿ ಮತ್ತೆ ಎಳೆದಾಗ 2 ಕಿಲೋಗ್ರಾಮಿಗೆ ಇಳಿಯಿತು. ಹೊಸ ಲೀವರನ್ನು ಕೊಳ್ಳುವ ಮೊದಲೇ ಭಾರದ ಮೂರರಲ್ಲೊಂದು ಪಾಲು ಹೋಯಿತು. ತಂತಿಯ ಬೆಲೆ ಒಂದು ಹೊತ್ತಿನ ಖಾನಾವಳಿಯ ಊಟಕ್ಕಿಂತ ಹೆಚ್ಚಾಗಿರಲಿಲ್ಲ. ಲೀವರನ್ನು ಕೊಳ್ಳಬೇಕೆನ್ನುವ ವಾಚಕರಿಗೆ ನಮ್ಮ ಮೊದಲನೆಯ ಸೂಚನೆ ಇದೇ: ಹಳೆಯ ತಂತಿಯನ್ನಿಟ್ಟುಕೊಂಡು ಹೊಸ ಲೀವರಿಗೆ ಬೆಲೆ ಕಟ್ಟಬಾರದು.

ಆದರೂ ಕೈ ಹ್ಯಾಂಡಲನ್ನು ಬಿಡುವ ದೋಷವು ಉಳಿದೇ ಇತ್ತು. ಅದು ಲೀವರಿನ ಜಾತಿಯ ದೋಷ. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಹ್ಯಾಂಡಲಿನ ಮೇಲ್ಗಡೆ ಕಡ್ಡಿಯಂತೆ ನಿಲ್ಲುವದು. ಇನ್ನೊಂದು ಹ್ಯಾಂಡಲಿನ ಕೆಳಗೆ, ಗೇರಿನ ಲೀವರಿನಂತೆ, ಅಗಲವಾದ ಎಲೆಯ ಆಕಾರದಲ್ಲಿ ಚಾಚಿರುವದು. ಮೊದಲಿನ ಕಾಲದ ಮೌಂಟನ್ ಬೈಕುಗಳಲ್ಲಿ ಮುಂದೆ ಎರಡು ಮೂರು ಹಲ್ಲುಗಾಲಿಗಳಿರುತ್ತಿದ್ದವು. ಅವುಗಳನ್ನು ಬದಲಿಸುವ ಲೀವರು ಎಡಗೈಯ ಕೆಳಗಿನ ಜಾಗವನ್ನು ಹಿಡಿದುಕೊಂಡಿರುತ್ತಿತ್ತು. ಆದಕಾರಣ ಸೀಟಿನ ಲೀವರು ಮೇಲಕ್ಕೆ ಹೋಗಬೇಕಾಯಿತು. 2012ರಲ್ಲಿ ಸ್ರ್ಯಾಮ್ ಕಂಪನಿಯ ಎಕ್ಸ್‌ಎಕ್ಸ್1 ಬಂದ ತರುವಾಯ ಮುಂದೆ ಒಂದೇ ಹಲ್ಲುಗಾಲಿಯನ್ನು ಇಡುವ ಪದ್ಧತಿ ಬಹಳ ಹಬ್ಬಿತು. ಎಡಗಡೆಯ ಕೆಳಗಿನ ಜಾಗ ತೆರವಾಯಿತು. ನಮ್ಮ ಸೈಕಲ್ಲಿನ ಹಿಂದಿನ ಒಡೆಯರು ಮುಂದಿನ ಗೇರನ್ನು ತೆಗೆಸಿದ್ದರು. ಆದರೆ ಮೇಲಿನ ಲೀವರನ್ನು ಅಲ್ಲಿಯೇ ಬಿಟ್ಟಿದ್ದರು. ಮೇಲಿನದನ್ನು ಒತ್ತಬೇಕಾದರೆ ಹೆಬ್ಬೆರಳು ಹ್ಯಾಂಡಲಿನ ಕೆಳಗಿನಿಂದ ಎದ್ದು ಮೇಲೆ ಬರಬೇಕು. ಹಿಡಿತದಲ್ಲಿ ಬೆರಳುಗಳು ಮಾತ್ರ ಉಳಿಯುವವು. ಅವುಗಳಲ್ಲಿಯೂ ತೋರುಬೆರಳು ಬ್ರೇಕಿನ ಮೇಲಿರಬೇಕಾದದ್ದು. ಕೆಳಗಿನ ಜಾತಿಯಲ್ಲಿ ಹೆಬ್ಬೆರಳು ಇದ್ದ ಜಾಗದಿಂದಲೇ ಮುಂದಕ್ಕೆ ನೂಕಿದರೆ ಸಾಕು.

ಜಾತಿಯು ಗೊತ್ತಾದ ಮೇಲೆ ಹೊಂದಾಣಿಕೆಯ ವಿಚಾರ. ಇಲ್ಲಿ ನಾಲ್ಕು ಸಂಗತಿಗಳನ್ನು ನೋಡಬೇಕಾಯಿತು. ಮೊದಲನೆಯದಾಗಿ, ಕಂಬವು ತಂತಿಯಿಂದ ನಡೆಯುವದೋ ಎಣ್ಣೆಯ ಒತ್ತಡದಿಂದ ನಡೆಯುವದೋ ಎಂಬುದು. ಎಣ್ಣೆಯ ಕಂಬಕ್ಕೆ ತಂತಿಯ ಲೀವರು ಬಾರದು. ನಮ್ಮದು ತಂತಿಯದು. ಎರಡನೆಯದಾಗಿ, ತಂತಿಯ ಒಂದು ತುದಿಗೆ ಸೀಸದ ಗುಂಡಿನಂತಹ ತಲೆಯಿರುವದು. ಅದು ಕೆಲವು ಕಂಬಗಳಲ್ಲಿ ಕೆಳಗೆ ಕಂಬದ ಬುಡದಲ್ಲಿಯೂ ಕೆಲವುಗಳಲ್ಲಿ ಮೇಲೆ ಲೀವರಿನಲ್ಲಿಯೂ ಕೂಡ್ರುವದು. ಕಂಬದ ಬುಡದಲ್ಲಿ ತಲೆ ಕೂಡ್ರುವದಾದರೆ ಲೀವರಿನಲ್ಲಿ ತಂತಿಯ ಬರಿಯ ತುದಿಯನ್ನು ಬಿಗಿಯುವ ಸ್ಕ್ರೂ ಇರಲೇಬೇಕು. ನಮ್ಮದು ಹಾಗೆಯೇ ಇತ್ತು. ಮೂರನೆಯದಾಗಿ, ಹ್ಯಾಂಡಲಿಗೆ ಬಿಗಿಯುವ ಬಳೆ. ಮೌಂಟನ್ ಬೈಕಿನ ಹ್ಯಾಂಡಲು ಹಿಡಿಯುವಲ್ಲಿ 22.2 ಮಿಲಿಮೀಟರು ದಪ್ಪ. ಸಾದಾ ಬಳೆಯು ಅದಕ್ಕೆ ಹತ್ತುವದು. ಬ್ರೇಕಿನ ಬಳೆಗೇ ಕೂಡಿಸುವ ಲೀವರುಗಳೂ ಉಂಟು; ಶಿಮಾನೊ ಕಂಪನಿಯವರು ಇದಕ್ಕೆ ಐ-ಸ್ಪೆಕ್ ಎಂದೂ ಸ್ರ್ಯಾಮಿನವರು ಮ್ಯಾಚ್‌ಮೇಕರ್ ಎಂದೂ ಹೆಸರಿಟ್ಟಿರುವರು. ಒಬ್ಬರದು ಇನ್ನೊಬ್ಬರದಕ್ಕೆ ನೇರವಾಗಿ ಹತ್ತದು. ಅಲ್ಲದೆ, ಬ್ರೇಕಿಗೆ ಕೂಡಿಸಿದರೆ ಹ್ಯಾಂಡಲು ಅಚ್ಚುಕಟ್ಟಾಗಿ ಕಾಣುವದು ನಿಜ. ಆದರೆ ಬ್ರೇಕನ್ನು ತಿರುಗಿಸಿದಂತೆ ಇದೂ ತಿರುಗುವದು. ವಿಶೇಷವಾದ ಬೆರಳಿಗೆ ಬೇರೆಯ ಬಳೆಯೇ ಲೇಸು. ನಾಲ್ಕನೆಯದಾಗಿ, ಲೀವರು ತಿರುಗುವ ಕೀಲು. ಅದರಲ್ಲಿ ಬೇರಿಂಗು ಇದ್ದರೆ ಆಟ ಹಗುರ; ಬರಿಯ ಬುಷ್ ಇದ್ದರೆ ಅಗ್ಗ, ಆದರೆ ಧೂಳು ಹೊಕ್ಕಾಗ ಬೇಗ ಸವೆಯುವದು.

ಇಷ್ಟನ್ನು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಇಂತಹ ಲೀವರುಗಳನ್ನು ನಮ್ಮ ಊರಿನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡುವಂತಿರಲಿಲ್ಲ, ಹೊರಗಿನಿಂದ ತರಿಸಬೇಕು. ತರಿಸಿದ್ದು ಹತ್ತದಿದ್ದರೆ ದುಡ್ಡು ಹೋಯಿತು. ಇದಕ್ಕೆ ಹುಡುಗಿಯೇ ಉಪಾಯ ಹುಡುಕಿದಳು. ಹಳೆಯ ಹಲಗೆಯ ಒಂದು ಚೂರನ್ನು ಹೆಬ್ಬೆರಳಿನ ಅಗಲಕ್ಕೆ ಕೆತ್ತಿ, ಹಳೆಯ ಟ್ಯೂಬಿನ ರಬ್ಬರಿನಿಂದ ಹ್ಯಾಂಡಲಿನ ಕೆಳಗೆ ಕಟ್ಟಿದಳು. ಅದು ಯಾವುದನ್ನೂ ಎಳೆಯುತ್ತಿರಲಿಲ್ಲ, ಸುಮ್ಮನೆ ರಬ್ಬರಿನ ಮೇಲೆ ಬಾಗುತ್ತಿತ್ತು. ಆ ಕಟ್ಟಿಗೆಯ ಲೀವರಿನೊಡನೆ ಒಂದು ವಾರ ಮುಂಜಾನೆ ಗೋಳಗುಮ್ಮಟದ ಹಿಂದಿನ ದಾರಿಗಳಲ್ಲಿ ಸುತ್ತಿದಳು. ಪ್ರತಿದಿನವೂ ಬಂದು ಅದನ್ನು ಒಂದಿಷ್ಟು ಒಳಗೆ ಸರಿಸುವಳು, ಇಲ್ಲವೆ ಹೊರಗೆ. ಒಂದಿಷ್ಟು ಕೆಳಗೆ ತಿರುಗಿಸುವಳು, ಇಲ್ಲವೆ ಮೇಲಕ್ಕೆ. ಸರಿಯಾದ ಸ್ಥಳ ಸಿಕ್ಕಿದಲ್ಲಿ ಹ್ಯಾಂಡಲಿನ ಮೇಲೆ ಸುಣ್ಣದ ಗುರುತು ಹಾಕುವಳು.

ವಾರದ ಕೊನೆಗೆ ತಿಳಿದದ್ದೇನೆಂದರೆ, ಎಲ್ಲರೂ ಹೆಬ್ಬೆರಳಿನ ತುದಿಯಿಂದ ಒತ್ತುವಲ್ಲಿ ಅವಳು ಎರಡು ಗೆಣ್ಣುಗಳ ನಡುವಿನ ತೊಗಲಿನಿಂದ ಒತ್ತಬೇಕು. ಆದ್ದರಿಂದ ಲೀವರು ಉಳಿದವರ ಹ್ಯಾಂಡಲಿನಲ್ಲಿರುವುದಕ್ಕಿಂತ ಗ್ರಿಪ್ಪಿನ ಸಮೀಪಕ್ಕೆ, ಎರಡು ಬೆರಳಿನಷ್ಟು ಈಚೆಗೆ ಇರಬೇಕು, ಎಲೆಯು ಅಗಲವಾಗಿರಬೇಕು, ಅದರ ಮೇಲೆ ಜಾರದಂತೆ ರಬ್ಬರು ಇರಬೇಕು. ನಾವು ಬೆಲೆಯಿಂದ ಆರಂಭಿಸಿ ಅವಳ ಬೆರಳಿಗೆ ಬರಬೇಕೆಂದಿದ್ದೆವು. ಅವಳು ಬೆರಳಿನಿಂದ ಆರಂಭಿಸಿ ಬೆಲೆಗೆ ಬಂದಳು.

ಇನ್ನು ಬಲದ ಮಾತು. ಸನ್ನೆಕೋಲಿನ ಪಾಠವನ್ನು ನಾವು 20 ವರ್ಷಗಳಿಂದ ಹೇಳುತ್ತ ಬಂದಿರುವೆವು. ಹಾರೆಯಿಂದ ಬಂಡೆಗಲ್ಲನ್ನು ಮೀಟುವವನು ಹಾರೆಯ ತುದಿಯನ್ನು ಹಿಡಿದರೆ ಕಲ್ಲು ಹಗುರಾಗುವದು. ಆದರೆ ಅವನ ಕೈ ಹೆಚ್ಚು ದೂರ ಸರಿಯಬೇಕಾಗುವದು. ಯಾವ ಲೀವರೂ ಈ ಲೆಕ್ಕವನ್ನು ತಪ್ಪಿಸಲಾರದು. ಉದ್ದ ಎಲೆಯ ಲೀವರು ಬೆರಳಿಗೆ ಹಗುರ, ಆದರೆ ಬೆರಳು ಹೆಚ್ಚು ದೂರ ಹೋಗಬೇಕು. ಗಿಡ್ಡದ್ದು ಕ್ಷಣದಲ್ಲಿ ಕೆಲಸ ಮಾಡುವದು, ಆದರೆ ಬಲ ಬೇಡುವದು. ಪಂದ್ಯಕ್ಕೆ ಹೋಗುವ ಗಟ್ಟಿಗರಿಗೆ ಗಿಡ್ಡದ್ದೇ ಇಷ್ಟವಾಗಬಹುದು. ಹುಡುಗಿಯ ಬೆರಳಿಗೆ ಬುಡದ ಗೆಣ್ಣಿನ ಆಟವೊಂದೇ ಇದ್ದುದರಿಂದ ಅತಿ ದೂರವೂ ಆಗದು, ಅತಿ ಬಲವೂ ಆಗದು. ಮಧ್ಯಮ ಉದ್ದದ, ಎಲೆಯನ್ನು ಒಳಗೆ ಹೊರಗೆ ಸರಿಸಲು ಬರುವ, ಬೇರಿಂಗಿನ ಲೀವರೊಂದನ್ನು ಅವಳು ಆರಿಸಿದಳು. ಅದಕ್ಕೆ 2,800 ರೂಪಾಯಿ ಬಿದ್ದಿತು. ಅದನ್ನು ನಾವು ಕೊಡಬೇಕೋ ಅವಳು ಸ್ಕಾಲರಶಿಪ್ಪಿನ ದುಡ್ಡಿನಿಂದ ಕೊಡಬೇಕೋ ಎಂಬ ವಾದದಲ್ಲಿ ಕೊನೆಗೆ ಅರ್ಧರ್ಧವೆಂದು ತೀರ್ಮಾನವಾಯಿತು.

ಸಾಮಾನು ಬಂದ ದಿನ ಮಿಸ್ತ್ರಿಯ ಸಹಾಯದಿಂದ ಅದನ್ನು ಸುಣ್ಣದ ಗುರುತಿನ ಮೇಲೆಯೇ ಕೂಡ್ರಿಸಿದೆವು. ತಂತಿಯನ್ನು ಬಿಗಿ ಮಾಡುವಾಗ ಎಚ್ಚರಬೇಕು. ಬಹಳ ಬಿಗಿಯಾದರೆ ಬೀಗವು ಪೂರ್ತಿ ಹಾಕಿಕೊಳ್ಳದೆ, ಕುಳಿತಲ್ಲಿಯೇ ಸೀಟು ಮೆಲ್ಲಗೆ ಇಳಿಯುವದು. ಬಹಳ ಸಡಲಾದರೆ ಲೀವರು ಅರ್ಧ ದಾರಿ ಬರಿದೆ ಆಡುವದು. ಲೀವರಿನ ಬುಡದಲ್ಲಿಯ ತಿರುಪಿನಿಂದ ಇದನ್ನು ಸರಿಪಡಿಸಬೇಕು. ಬಳೆಯ ಸ್ಕ್ರೂವನ್ನು ಮಾಡಿದವರು ಹೇಳಿದ್ದಕ್ಕಿಂತ ಹೆಚ್ಚು ಬಿಗಿಯಬಾರದು. ಬಿದ್ದಾಗ ಲೀವರು ಹ್ಯಾಂಡಲಿನ ಮೇಲೆ ತಿರುಗಿದರೆ ಉಳಿಯುವದು. ತಿರುಗಲಾರದಷ್ಟು ಬಿಗಿದಿದ್ದರೆ ಮುರಿಯುವದು. ಎಲ್ಲವೂ ಆದ ಮೇಲೆ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿದೆವು. ಮುಳ್ಳು 1 ಕಿಲೋಗ್ರಾಮಿನ ಗೆರೆಯನ್ನು ಸ್ವಲ್ಪ ದಾಟಿದೊಡನೆ ಸೀಟು ಸುಯ್ಯೆಂದು ಮೇಲೆ ಬಂದಿತು. ಮಿಸ್ತ್ರಿಯು ನಕ್ಕನು. ಹುಡುಗಿಯು ಅದನ್ನು ಮತ್ತೆ ಮತ್ತೆ ಒತ್ತಿದಳು. ಅಂಗೈ ಒಮ್ಮೆಯೂ ಹ್ಯಾಂಡಲನ್ನು ಬಿಡಲಿಲ್ಲ.

ಬರುವ ಆದಿತ್ಯವಾರ ಅವಳು ಬಬಲೇಶ್ವರದ ಅದೇ ದಾರಿಗೆ ಹೋದಳು. ನಾವು ಮೋಟರ್ ಸೈಕಲ್ಲಿನಲ್ಲಿ ಹಿಂದೆ ಹೋದೆವು. ಬಿದ್ದ ಇಳಿಜಾರಿನ ನೆತ್ತಿಯಲ್ಲಿ ಅವಳು ನಿಂತು ಕೆಳಗೆ ನೋಡಿದಳು. ನಮ್ಮ ಎದೆ ಬಡಿದುಕೊಳ್ಳುತ್ತಿತ್ತು. ಆದರೆ ಜೋಕೆ ಎಂಬ ಮಾತನ್ನೂ ಆಡಲಿಲ್ಲ. ಸೀಟು ಇಳಿದದ್ದು ಕಂಡಿತು, ಎರಡು ಕೈಗಳೂ ಹ್ಯಾಂಡಲಿನ ಮೇಲಿದ್ದುದು ಕಂಡಿತು. ಕ್ಷಣಾರ್ಧದಲ್ಲಿ ಅವಳು ಕೆಳಗಿದ್ದಳು. ಅಲ್ಲಿಂದ ತಿರುಗಿ ನೋಡಿ ಕೈ ಎತ್ತಿದಳು. ಎತ್ತಿದ್ದು ಎಡಗೈ.

ಎಳ್ಳ ಅಮವಾಸ್ಯೆಯ ದಿನ ನಾವೆಲ್ಲರೂ ತಿಕೋಟಾಕ್ಕೆ ಹೋದೆವು. ಹುಡುಗಿಯು ಸುಮಾರು 20 ಕಿಲೋಮೀಟರು ಸೈಕಲ್ಲಿನ ಮೇಲೆಯೇ ಬಂದಳು; ಮಾರಬೇಕೆಂದ ಸೈಕಲ್ಲು ಚರಗ ಚೆಲ್ಲುವ ಹೊಲಕ್ಕೇ ಬಂದು ನಿಂತಿತು. ಬನ್ನಿಯ ಗಿಡದ ಬುಡದಲ್ಲಿ ಪೂಜೆಯಾಗಿ, ಬೆಳೆಯ ಸುತ್ತ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆಗಳ ಊಟ ಮುಗಿಯುವ ವರೆಗೆ ಯಾರೂ ಅದರ ಮಾತನ್ನು ಎತ್ತಲಿಲ್ಲ. ಆಮೇಲೆ ಅಣ್ಣನವರು ಲೋಟದಲ್ಲಿ ಮಜ್ಜಿಗೆ ಹಿಡಿದು ಸೈಕಲ್ಲಿನ ಸುತ್ತ ಒಮ್ಮೆ ತಿರುಗಿದರು. ನಾವು ಅವರಿಗೆ, 2022ರ ಮಾರ್ಚ್ 19ರಂದು ಇಟಲಿಯ ಮಿಲಾನ್-ಸಾನ್ ರೆಮೊ ಎಂಬ ದೊಡ್ಡ ಪಂದ್ಯವನ್ನು ಸ್ಲೊವೇನಿಯಾದ ಮಾಟೇ ಮೊಹೊರಿಚ್ ಎಂಬವನು ಡಾಂಬರು ದಾರಿಯ ಸೈಕಲ್ಲಿಗೆ ಇಂತಹದೇ ಇಳಿಯುವ ಸೀಟನ್ನು ಹಾಕಿಕೊಂಡು ಗೆದ್ದುದನ್ನು ಹೇಳಿದೆವು. ಪೊಜ್ಜಿಯೊ ಎಂಬ ಗುಡ್ಡದ ಇಳಿಜಾರಿನಲ್ಲಿ ಅವನು ಉಳಿದವರನ್ನು ಹಿಂದೆ ಹಾಕಿದನು. “ಹಂಗಾದ್ರ ಆಟಿಗಿ ಸಾಮಾನಲ್ಲ ಅನ್ನು” ಎಂದು ಅಣ್ಣನವರು ಗಡ್ಡ ಕೆರೆದುಕೊಂಡರು.

ವೈನಿಯವರು ಇದಾವುದನ್ನೂ ಕೇಳುತ್ತಿರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ಮಗಳಿಗೆ “ಹೆಂಗ ಒತ್ತತಿ, ತೋರ್ಸು” ಎಂದರು. ಮಗಳು ತೋರಿಸಿದಳು. ವೈನಿಯವರು ತಮ್ಮ ಎಡಗೈಯ ಹೆಬ್ಬೆರಳನ್ನು ನೀಳವಾಗಿ, ಮಗಳದರಂತೆಯೇ ಬಾಗಿಸದೆ ಹಿಡಿದು, ಲೀವರಿನ ಮೇಲಿಟ್ಟು ಒತ್ತಿದರು. ಇನ್ನೊಂದು ಕೈಯಿಂದ ಸೀಟನ್ನು ಅದುಮಿದರು, ಅದು ಇಳಿಯಿತು. ಕೈ ತೆಗೆದು ಮತ್ತೆ ಒತ್ತಿದರು, ಅದು ಏರಿತು. ಮೂರು ಸಲ ಹೀಗೆ ಮಾಡಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, “ಇದನ್ನ ಹೋದ ವರ್ಷನ ಮಾಡಬೇಕಾಗಿತ್ತಲ್ರೀ” ಎಂದರು. ಸೈಕಲ್ಲನ್ನು ಮಾರುವ ಮಾತು ಅಲ್ಲಿಗೆ ಮುಗಿಯಿತು.

ಹೌದು, ಹೋದ ವರ್ಷವೇ ಮಾಡಬೇಕಾಗಿತ್ತು. ಅದಕ್ಕೆ ಬೇಕಾಗಿದ್ದುದು ದೊಡ್ಡ ದುಡ್ಡಲ್ಲ, ದೊಡ್ಡ ವಿದ್ಯೆಯೂ ಅಲ್ಲ. “ನಿನ್ನ ಬೆರಳಿಗೆ ಇದು ಹತ್ತುವದೇ?” ಎಂದು ನಾವು ಕೇಳಬೇಕಾಗಿತ್ತು, ಅವಳು “ಇಲ್ಲ” ಎನ್ನಬೇಕಾಗಿತ್ತು. ನಮ್ಮ ತಪ್ಪಿನ ನೆನಪಾಗುವದೆಂದು ನಾವು ಕೇಳಲಿಲ್ಲ. ಮಕ್ಕಳ ಮೈಗೆ ಸಂಬಂಧಪಟ್ಟ ವಸ್ತುವನ್ನು, ಅದು ಚಪ್ಪಲಿಯಾಗಲಿ, ಕನ್ನಡಕವಾಗಲಿ, ಸೈಕಲ್ಲಿನ ಲೀವರಾಗಲಿ, ಕೊಳ್ಳುವ ಮೊದಲು ಆ ಮೈಯನ್ನೇ ಕೇಳುವದು ಒಳ್ಳೆಯದು. ಅದರ ಉತ್ತರವು ನಮಗೆ ಕಷ್ಟವಾದೀತೆಂದು ಅಂಜಬಾರದು.

ಕಣಿಕಿಯ ಯಂತ್ರವು ಇಂದಿಗೂ ತಿಕೋಟಾದ ಹಿತ್ತಿಲಲ್ಲಿದೆ. ಆ ಸಾಯಂಕಾಲ ಹೊರಡುವ ಮೊದಲು ನಾವೂ ಹುಡುಗಿಯೂ ಕೂಡಿ ಅದರ ಹಲ್ಲುಗಾಲಿಗೆ ಒಂದು ತಗಡಿನ ಮುಚ್ಚಳವನ್ನು ಅಳತೆ ಮಾಡಿ ಬಂದೆವು. 11 ವರ್ಷ ತಡವಾಯಿತು. ಆದರೂ ಮುಂದಿನ ವಾರ ಅದನ್ನು ಕೂಡ್ರಿಸುವೆವು.